ಹಾವುಮೀನು ಹತ್ತುಮೀನಲ್ಲ

ಕಳೆದ ತಿಂಗಳು ಸಿದ್ದಾಪುರ ಕಡೆಯ ತೋಟಗಾರರೊಬ್ಬರು ಫೋನ್ ಮಾಡಿದ್ದರು. "ಸರ್, ಎಂಟು ಜೋಡಿ ಹಾವುಮೀನು ತಂದು ಹೊಂಡಕ್ಕೆ ಬಿಟ್ಟು ಎರಡು ಮಳೆಗಾಲ ಕಳೆಯಿತು. ಒಂದು ಮರಿಯೂ ಕಾಣಲಿಲ್ಲ. ನೀರಿಗೆ ಏನಾದರೂ ಹಾಕಬೇಕೇ?" ಮಾರಿದವನು ಆರು ತಿಂಗಳಲ್ಲಿ ಹೊಂಡದ ತುಂಬ ಮರಿ ಎಂದು ಮಾತು ಕೊಟ್ಟಿದ್ದನಂತೆ. ಮೀನುಕೃಷಿ ಸಲಹೆಗಾರನಾಗಿ ಕರಾವಳಿ, ಮಲೆನಾಡು ಸುತ್ತುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ಈ ಪ್ರಶ್ನೆ ಕಿವಿಗೆ ಬೀಳದ ಮಳೆಗಾಲವಿಲ್ಲ. ಒಮ್ಮೆ ಬಿಡಿಸಿ ಬರೆಯುತ್ತೇನೆ: ಹಾವುಮೀನು ಸಿಹಿನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಹೊಂಡದಲ್ಲಿ ಇಡುವುದಿಲ್ಲ, ಕೆರೆಯಲ್ಲಿ ಇಡುವುದಿಲ್ಲ, ತಾನು ಹತ್ತಾರು ವರ್ಷ ಬಾಳಿದ ಹೊಳೆಯಲ್ಲೂ ಇಡುವುದಿಲ್ಲ.

ಮೊದಲು ಆ "ಜೋಡಿ"ಯ ವಿಷಯ. ಹೊಳೆಯಲ್ಲಿ ಬೆಳೆಯುತ್ತಿರುವ ಹಾವುಮೀನನ್ನು ಹೊರಗಿನಿಂದ ನೋಡಿ ಗಂಡೋ ಹೆಣ್ಣೋ ಎಂದು ಹೇಳುವುದು ನನ್ನಿಂದ ಆಗದು. ಬಹಳ ದೊಡ್ಡದಿದ್ದರೆ ಹೆಣ್ಣಿರಬಹುದು ಎಂದು ಊಹಿಸಬಹುದು, ಅಷ್ಟೇ. 1876ರಲ್ಲಿ ಟ್ರಿಯೆಸ್ಟ್ ಬಂದರಿನಲ್ಲಿ ಇಪ್ಪತ್ತು ವರ್ಷದ ವಿದ್ಯಾರ್ಥಿಯೊಬ್ಬ ಗಂಡುಮೀನಿನ ವೃಷಣ ಹುಡುಕುತ್ತ ಸುಮಾರು 400 ಹಾವುಮೀನುಗಳನ್ನು ಕೊಯ್ದು ನೋಡಿದ. ಖಚಿತ ಉತ್ತರ ಸಿಗಲಿಲ್ಲ. ಆತ ಮುಂದೆ ಮನೋವಿಜ್ಞಾನದಲ್ಲಿ ಹೆಸರಾದ ಸಿಗ್ಮಂಡ್ ಫ್ರಾಯ್ಡ್. ಹೊಟ್ಟೆ ಸೀಳಿ ಸೂಕ್ಷ್ಮದರ್ಶಕ ಇಟ್ಟು ನೋಡಿದರೂ ತಡಕಾಡಬೇಕಾದದ್ದನ್ನು ಬಕೆಟ್ಟಿನೊಳಗೆ ಕಣ್ಣು ಹಾಯಿಸಿ ಹೇಳುತ್ತೇನೆ ಎನ್ನುವವನಿಗೆ ದಯವಿಟ್ಟು ಹಣ ಕೊಡಬೇಡಿ.

ಇನ್ನು ಮೊಬೈಲಿನಲ್ಲಿ ನೀವು ನೋಡುವ ವಿಡಿಯೊಗಳು. ಅಸ್ಸಾಂ, ಬಂಗಾಳ, ವಿಯೆಟ್ನಾಂ ಕಡೆ ಕೆಸರಿನ ತೊಟ್ಟಿಯಲ್ಲಿ ಮರಿ ಮಾಡಿಸಿ ಬೆಳೆಸುವ ಮೀನು ಬೇರೆ. ಅಸ್ಸಾಮಿನವರು ಅದನ್ನು ಕುಚಿಯಾ ಎನ್ನುತ್ತಾರೆ. ಅದು ಕೆಸರಿನ ಬಿಲದಲ್ಲೇ ಮೊಟ್ಟೆ ಇಡುತ್ತದೆ. ಅದಕ್ಕೆ ಕಿವಿರಿನ ಹಿಂದೆ ರೆಕ್ಕೆ ಇಲ್ಲ. ನಮ್ಮ ಹೊಳೆಯ ಹಾವುಮೀನಿಗೆ ತಲೆಯ ಹಿಂದೆ ಎರಡೂ ಬದಿಗೆ ಪುಟ್ಟ ರೆಕ್ಕೆಗಳಿವೆ. ಬೆನ್ನಿನ ಮೇಲೆ ಸಾಲು ಮುಳ್ಳು, ಚೂಪು ಮೂತಿ ಇದ್ದರೆ ಅದು ಮೂರನೆಯದು, ಮುಳ್ಳಿನ ಜಾತಿ. ಅದೂ ಸಿಹಿನೀರಿನಲ್ಲೇ ಸಂತಾನ ಮಾಡುತ್ತದೆ. ಮೂರನ್ನೂ ನಮ್ಮ ಜನ ಹಾವುಮೀನು ಎಂದೇ ಕರೆಯುವುದರಿಂದ ಅರ್ಧ ಗೊಂದಲ ಹುಟ್ಟಿದೆ. ನಾನು ಇಲ್ಲಿ ಹೇಳುತ್ತಿರುವುದು ರೆಕ್ಕೆ ಇರುವ, ಮುಳ್ಳಿಲ್ಲದ, ಕೈಗೆ ಜಾರುವ ಆ ಉದ್ದನೆಯ ಮೀನಿನ ಬಗ್ಗೆ ಮಾತ್ರ.

ಉಳಿದರ್ಧ ಗೊಂದಲ ನಮ್ಮ ಅನುಭವದಿಂದಲೇ ಬಂದದ್ದು. ಮಲೆನಾಡಿನಲ್ಲಿ ಹುಟ್ಟಿದವರಿಗೆ ಹತ್ತುಮೀನು ಗೊತ್ತು. ಮುಂಗಾರಿನ ಮೊದಲ ಕೆಂಪುನೀರು ಇಳಿದ ರಾತ್ರಿ ಮೊಟ್ಟೆ ತುಂಬಿದ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ನಾವು ಟಾರ್ಚು, ಕೂಳಿ ಹಿಡಿದು ಓಡುತ್ತೇವೆ. ಹೊಸ ನೀರು ಬಂದರೆ ಮೀನು ಮೇಲೆ ಹತ್ತಿ ಮೊಟ್ಟೆ ಇಡುತ್ತದೆ ಎಂಬುದು ನಮಗೆ ತಾಯಿಯ ಮಾತಿನಷ್ಟು ಸಹಜ. ಹಾವುಮೀನಿನ ಬಾಳು ಇದಕ್ಕೆ ಪೂರ್ತಿ ತಿರುವುಮುರುವು. ಅದು ಹತ್ತುವುದು ಮರಿಯಾಗಿದ್ದಾಗ, ಹೊಟ್ಟೆಪಾಡಿಗೆ. ಸಂತಾನಕ್ಕಾಗಿ ಅದು ಇಳಿಯುತ್ತದೆ, ಅದೂ ಬಾಳಿನಲ್ಲಿ ಒಂದೇ ಒಂದು ಸಲ. ಇಳಿದು ಸಮುದ್ರ ಸೇರಿ, ದಡ ಕಾಣದಷ್ಟು ದೂರ ಹೋಗಿ, ಅಲ್ಲಿ ಮೊಟ್ಟೆ ಇಟ್ಟು ಸಾಯುತ್ತದೆ.

ಇಷ್ಟು ಹೇಳಿದ ಮೇಲೆ ಜಾಣ ರೈತರು ಕೇಳುವ ಪ್ರಶ್ನೆಯೊಂದಿದೆ. ಅದು ಒಳ್ಳೆಯ ಪ್ರಶ್ನೆ. "ಕಾಟ್ಲಾ, ರೋಹುಗಳೂ ಹೊಂಡದಲ್ಲಿ ಮೊಟ್ಟೆ ಇಡುವುದಿಲ್ಲ. ಅವಕ್ಕೆ ಚುಚ್ಚುಮದ್ದು ಕೊಟ್ಟು ಇಡಿಸುತ್ತೀರಲ್ಲ, ಹಾವುಮೀನಿಗೂ ಕೊಡಿ." 1957ರಲ್ಲಿ ಒಡಿಶಾದಲ್ಲಿ ಮೀನುವಿಜ್ಞಾನಿ ಹೀರಾಲಾಲ್ ಚೌಧುರಿಯವರು ಗೆಂಡೆಮೀನುಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಮೊಟ್ಟೆ ಇಡಿಸಿದ್ದರಿಂದಲೇ ಇವತ್ತು ನಮ್ಮ ಕೆರೆಗಳಿಗೆ ಬಿತ್ತನೆ ಮರಿ ಸಿಗುತ್ತಿದೆ, ನಿಜ. ಆದರೆ ವ್ಯತ್ಯಾಸ ನೋಡಿ. ಕಾಟ್ಲಾದ ಹೊಟ್ಟೆಯಲ್ಲಿ ಮೊಟ್ಟೆ ಹೊಂಡದಲ್ಲೇ ಬಲಿಯುತ್ತದೆ. ಹೆರಿಗೆ ದಿನ ತುಂಬಿದೆ, ನೋವು ಬರುತ್ತಿಲ್ಲ ಎನ್ನುವ ಸ್ಥಿತಿ. ಚುಚ್ಚುಮದ್ದು ಆ ಕೊನೆಯ ತಳ್ಳು ಕೊಡುತ್ತದೆ. ಹಾವುಮೀನಿಗೆ ಬಸಿರೇ ಕಟ್ಟಿಲ್ಲ. ಸಿಹಿನೀರಿನಲ್ಲಿ ಇರುವವರೆಗೆ ಅದರ ಮೆದುಳೇ ಸಂತಾನದ ಹಾರ್ಮೋನುಗಳಿಗೆ ಅಗುಳಿ ಹಾಕಿಟ್ಟಿರುತ್ತದೆ. ಪ್ರೌಢವಾದ ಮೀನನ್ನು ಉಪ್ಪುನೀರಿಗೆ ಒಗ್ಗಿಸಿ, ವಾರಕ್ಕೊಂದರಂತೆ ಎರಡು ಮೂರು ತಿಂಗಳು ಸೂಜಿ ಚುಚ್ಚಿದರೆ ಮೊಟ್ಟೆ ಬಲಿಯಬಹುದು. ಬಲಿಯದೆ ಮೀನು ಸಾಯಲೂಬಹುದು.

ಜಪಾನಿನವರು ಈ ಕೆಲಸಕ್ಕೆ ಅರ್ಧ ಶತಮಾನ ಸವೆಸಿದ್ದಾರೆ. ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ಮೊದಲ ಬಾರಿ ಮೊಟ್ಟೆ ಒಡೆದು ಮರಿ ಬಂತು. ಆ ಮರಿ ಏನು ತಿನ್ನುತ್ತದೆ ಎಂದು ತಿಳಿಯಲೇ ದಶಕಗಳು ಬೇಕಾದವು. ಕೊನೆಗೆ ಶಾರ್ಕ್ ಮೊಟ್ಟೆಯ ಲೇಹ್ಯದಂಥ ಆಹಾರ ಹಿಡಿಸಿತು. ಪ್ರಯೋಗಾಲಯದಲ್ಲಿ ಹುಟ್ಟಿದ ಮೀನಿನಿಂದಲೇ ಮತ್ತೊಂದು ತಲೆಮಾರು ಬಂದದ್ದು 2010ರಲ್ಲಿ. ಇಷ್ಟಾದರೂ ಜಪಾನ್, ಚೀನಾ, ಯುರೋಪಿನ ಮೀನು ಸಾಕಣೆ ಕೇಂದ್ರಗಳು ಇಂದಿಗೂ ಬೆಳೆಸುತ್ತಿರುವುದು ಅಳಿವೆಯಲ್ಲಿ ಬಲೆ ಹಾಕಿ ಹಿಡಿದ ಗಾಜಿನಂಥ ಕಾಡುಮರಿಗಳನ್ನೇ. ಆ ಕೇಂದ್ರಗಳಲ್ಲಿ ಕಂಡುಬಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು: ಒತ್ತೊತ್ತಾಗಿ ಬೆಳೆಸಿದರೆ ಮರಿಗಳಲ್ಲಿ ಬಹುಪಾಲು ಗಂಡಾಗುತ್ತವೆ. ಹುಟ್ಟುವಾಗ ಲಿಂಗ ನಿಶ್ಚಯವಾಗಿರುವುದಿಲ್ಲ, ಬೆಳೆಯುವ ಜಾಗ ಅದನ್ನು ತೀರ್ಮಾನಿಸುತ್ತದೆ.

ಹಾಗಾದರೆ ಅವು ಹೋಗುವುದೆಲ್ಲಿಗೆ? ಈ ಕಥೆ ಹೇಳಲು ಕುಳಿತರೆ ನನಗೆ ಹೊತ್ತು ತಿಳಿಯುವುದಿಲ್ಲ. ಡೆನ್ಮಾರ್ಕಿನ ವಿಜ್ಞಾನಿ ಯೊಹಾನೆಸ್ ಸ್ಮಿತ್ 1904ರಲ್ಲಿ ಅಟ್ಲಾಂಟಿಕ್‌ನಲ್ಲಿ ಹಾವುಮೀನಿನ ಎಲೆಯಾಕಾರದ ಪಾರದರ್ಶಕ ಮರಿಯೊಂದನ್ನು ಹಿಡಿದರು. ಇದಕ್ಕಿಂತ ಚಿಕ್ಕದು ಎಲ್ಲಿದೆ, ಅದಕ್ಕಿಂತ ಚಿಕ್ಕದು ಎಲ್ಲಿದೆ ಎಂದು ಹುಡುಕುತ್ತ ಹುಡುಕುತ್ತ 1922ರ ಹೊತ್ತಿಗೆ ಸರ್ಗಾಸೊ ಸಮುದ್ರದವರೆಗೆ ತಲುಪಿದರು. ಯುರೋಪಿನ ಹೊಳೆಗಳಿಂದ ಅದು ಐದಾರು ಸಾವಿರ ಕಿಲೋಮೀಟರ್. ಜಪಾನಿನ ಹಾವುಮೀನಿನ ಮೊಟ್ಟೆಗಳನ್ನು ಕತ್ಸುಮಿ ತ್ಸುಕಾಮೊಟೊ ಅವರ ತಂಡ 2009ರ ಮೇ ತಿಂಗಳಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಪಶ್ಚಿಮಕ್ಕೆ ಬಲೆಯಲ್ಲಿ ಎತ್ತಿತು. ಇಡೀ ಸಾಗರ ಜಾಲಾಡಿ ಸಿಕ್ಕಿದ್ದು 31 ಮೊಟ್ಟೆ, ಅದೂ ಅಮಾವಾಸ್ಯೆಗೆ ಕೆಲವೇ ದಿನ ಮುಂಚೆ. ಅಮಾವಾಸ್ಯೆ ಹುಣ್ಣಿಮೆ ಎಣಿಸಿ ಬಲೆ ಬಿಡುವ ನಮ್ಮ ಮೀನುಗಾರರಿಗೆ ಇದನ್ನು ಹೇಳಿದಾಗಲೆಲ್ಲ ಅವರು ತಲೆಯಾಡಿಸುತ್ತಾರೆ.

ಹಿಂದೂ ಮಹಾಸಾಗರದಲ್ಲಿ ಡೆನ್ಮಾರ್ಕಿನ "ಡಾನಾ" ಹಡಗು 1928ರಿಂದ 1930ರವರೆಗಿನ ಯಾನದಲ್ಲಿ ಸುಮಾತ್ರಾದ ಪಶ್ಚಿಮಕ್ಕೆ ಇಂಥ ಎಲೆಮರಿಗಳನ್ನು ಹಿಡಿಯಿತು. ಅಲ್ಲಿನ ಆಳ ನೀರು ಒಂದು ಹೆರಿಗೆಮನೆ ಎಂದು ತಜ್ಞರು ಎಣಿಸುತ್ತಾರೆ. ಕುಮಟಾದ ಹೊಳೆಯ ಮೀನೂ ಅಲ್ಲಿಗೇ ಹೋಗುತ್ತದೆ ಎಂದು ನಾನು ಆಣೆ ಮಾಡಲಾರೆ. ಹೋಗುವುದಾದರೆ ಕನ್ಯಾಕುಮಾರಿ, ಶ್ರೀಲಂಕಾ ಸುತ್ತಿ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಪ್ರಯಾಣ. ದಾರಿಯುದ್ದಕ್ಕೂ ಉಪವಾಸ. ಹೊರಡುವ ಮುನ್ನವೇ ಕರುಳು ಸೊರಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ಹಳದಿ ಹೊಟ್ಟೆ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಹೊಳೆಯಲ್ಲಿ ಕೂಡಿಟ್ಟ ಕೊಬ್ಬೇ ಬುತ್ತಿ.

ಇದನ್ನು ತಿಳಿದವರಿಗೆ ಅಣೆಕಟ್ಟು ಬೇರೆಯೇ ಕಾಣುತ್ತದೆ. ತುಂಗೆಯಲ್ಲಿ ಒಂದು ಹಾವುಮೀನು ಇದೆ ಎನ್ನಿ. ಅದು ಬಂಗಾಳಕೊಲ್ಲಿಗೆ ಇಳಿಯಲು ತುಂಗಭದ್ರಾ, ಶ್ರೀಶೈಲ, ನಾಗಾರ್ಜುನಸಾಗರ ದಾಟಬೇಕು. ಟರ್ಬೈನಿನ ಅಲಗಿಗೆ ಸಿಕ್ಕಿದರೆ ಆ ಉದ್ದನೆಯ ಮೈ ತುಂಡಾಗುತ್ತದೆ. ಮರಿ ಮೇಲೆ ಬರುವ ದಾರಿಯೂ ಅದೇ. ಪಶ್ಚಿಮಕ್ಕೆ ಹರಿಯುವ ಸಣ್ಣ ಹೊಳೆಗಳಲ್ಲಿ ಸ್ಥಿತಿ ಅಷ್ಟು ಕೆಟ್ಟಿಲ್ಲ. ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮಳೆಗಾಲಕ್ಕೆ ಮುಂಚೆ ಪೂರ್ತಿ ತೆಗೆದರೆ ದೊಡ್ಡ ಮೀನು ನೆರೆಯೊಂದಿಗೆ ಇಳಿದುಹೋಗುತ್ತದೆ. ಹಲಗೆ ಇರುವ ತಿಂಗಳುಗಳಲ್ಲಿ ಮರಿ ಹತ್ತಲು ಒರಟಾದ, ಸದಾ ಒದ್ದೆ ಇರುವ ಆಸರೆ ಸಾಕು. ಉತ್ತರ ಐರ್ಲೆಂಡಿನ ಬ್ಯಾನ್ ನದಿಯಲ್ಲಿ ಹುಲ್ಲಿನ ಹಗ್ಗ ಇಳಿಬಿಟ್ಟು ಮರಿ ಹತ್ತಿಸುತ್ತಿದ್ದರು. ನಮ್ಮಲ್ಲಿ ಕತ್ತದ ಹಗ್ಗವಿದೆ. ನೀರು ತುಸು ಜಿನುಗುವ ಕಡೆ ನಾಲ್ಕು ಹಗ್ಗ ಇಳಿಬಿಟ್ಟು ನೋಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಫಲ ಜಾಗದಿಂದ ಜಾಗಕ್ಕೆ ಬದಲಾಗಬಹುದು, ಖರ್ಚು ಮಾತ್ರ ನೂರಾರು ರೂಪಾಯಿ.

ಆರು ವರ್ಷದ ಹಿಂದೆ ಕುಮಟಾ ತಾಲ್ಲೂಕಿನ ಮನೆಯೊಂದರಿಂದ ಕರೆ ಬಂತು. ಅವರ ಬಾವಿಯಲ್ಲಿ ಒಂದು ಹಾವುಮೀನು, ಹದಿನಾಲ್ಕು ವರ್ಷದಿಂದ ಇದ್ದದ್ದು. ಹುಳ ತಿಂದು ನೀರು ಚೊಕ್ಕಟವಾಗಿ ಇಡುತ್ತದೆ ಎಂದು ಯಜಮಾನರು ಹೊಳೆಯಿಂದ ತಂದು ಬಿಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಜ್ಜಿ ದಿನವೂ ಮಧ್ಯಾಹ್ನ ಒಂದು ಮುಷ್ಟಿ ಅನ್ನ, ಮೀನಿನ ಚೂರು ಹಾಕುತ್ತಿದ್ದರು. "ತಮ್ಮಾ, ತಿಂಗಳಾಯಿತು, ಅನ್ನದ ಹತ್ತಿರ ಸುಳಿಯುವುದಿಲ್ಲ. ರಾತ್ರಿಯಿಡೀ ಗೋಡೆ ಬಳಸಿ ಸುತ್ತುತ್ತದೆ. ಏನು ಕಾಯಿಲೆಯೋ ನೋಡು" ಎಂದರು. ಬುಟ್ಟಿ ಇಳಿಸಿ ಎತ್ತಿದಾಗ ಹೊಟ್ಟೆ ಬೆಳ್ಳಗಿತ್ತು, ಕಣ್ಣು ಗೋಲಿಯಷ್ಟಾಗಿತ್ತು. ಕಾಯಿಲೆಯಲ್ಲ ಅಜ್ಜಿ, ಹೊರಟು ನಿಂತಿದೆ ಎಂದೆ. ಎಲ್ಲಿಗೆ, ಏಕೆ ಎಂದು ಬಾವಿಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆ ಹೇಳಿದೆ. ಅವರು ನಡುವೆ ಒಂದೂ ಮಾತಾಡಲಿಲ್ಲ.

ಅಲ್ಲಿ ಹರಿಯುವ ಅಘನಾಶಿನಿ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಎರಡು ದಿನ ಬಿಟ್ಟು, ಮಳೆ ಹಿಡಿದ ಕತ್ತಲಲ್ಲಿ, ಕೊಡಪಾನದ ಬಾಯಿಗೆ ಬಟ್ಟೆ ಕಟ್ಟಿ ಹೊಳೆದಡಕ್ಕೆ ಒಯ್ದೆವು. ಕೊಡವನ್ನು ಅಜ್ಜಿ ತಾವೇ ಬಗ್ಗಿಸಿದರು. ಮೀನು ಸ್ವಲ್ಪ ಹೊತ್ತು ಕಲ್ಲುಗಳ ನಡುವೆ ಅಲುಗದೆ ಇತ್ತು, ಆಮೇಲೆ ಕೆಂಪುನೀರಿನಲ್ಲಿ ಕಾಣದಾಯಿತು. ಅಳಿವೆ ಇಲ್ಲಿಂದ ಎಷ್ಟು ದೂರ ಎಂದು ಕೇಳಿದರು. ಹದಿನೆಂಟು ಕಿಲೋಮೀಟರ್ ಇರಬಹುದು ಎಂದೆ. ಬೆಳಗಾಗುವುದರೊಳಗೆ ಮುಟ್ಟುತ್ತದೆಯೇ ಎಂದು ಮತ್ತೆ ಕೇಳಿದರು.