ಅಳಿವೆಯನ್ನು ಹಿನ್ನೀರೆನ್ನಬೇಡಿ

ಕರಾವಳಿಯ ಪರಿಸರ ಜಾಗೃತಿಯ ಬರಹಗಳಲ್ಲಿ ‘ಹಿನ್ನೀರಿನಲ್ಲಿ ಚಿಪ್ಪುಮೀನು ಕೃಷಿ’ ಎಂಬ ಒಕ್ಕಣೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿರುವುದರಿಂದ, ಈ ಎರಡು ನೀರುಗಳನ್ನು ಒಮ್ಮೆ ಬೇರ್ಪಡಿಸಿ ನೋಡಲೇಬೇಕಾಗಿದೆ.

ಅಣೆಕಟ್ಟಿನ ಹಿಂದೆ ಹರಡಿ ನಿಂತ ಸಿಹಿನೀರು ಹಿನ್ನೀರು. ಹೊಳೆ ಕಡಲನ್ನು ಕೂಡುವ ಕಡೆಯದು ಅಳಿವೆ. ತುಳುವಿನಲ್ಲಿಯೂ ಈ ಪದವಿದೆ. ಮಲಯಾಳದ ‘ಅಳಿ’ ಇದರ ದಾಯಾದಿ. ‘ನದಿ ಅಳಿಯುವ ತಾಣವೇ ಅಳಿವೆ’ ಎಂಬ ವ್ಯಾಖ್ಯಾನ ಭಾಷಣಕ್ಕೆ ಚೆನ್ನಾಗಿರಬಹುದು, ಆದರೆ ‘ಅಳಿವೆ ಬಾಗಿಲು’ ಎನ್ನುವ ಮೀನುಗಾರನ ಮನಸ್ಸಿನಲ್ಲಿರುವುದು ಹೊಳೆಯ ಸಾವಲ್ಲ, ದೋಣಿ ಕಡಲಿಗಿಳಿಯುವ ದಾರಿ. ಬಾಗಿಲಿಗಷ್ಟೇ ಸಲ್ಲುತ್ತಿದ್ದ ಈ ಹೆಸರನ್ನು, ಉಬ್ಬರದ ಉಪ್ಪು ಒಳನಾಡಿನತ್ತ ಏರುವಷ್ಟು ದೂರದ ಇಡೀ ಹರವಿಗೆ ಪಠ್ಯಪುಸ್ತಕಗಳು ಹಿಗ್ಗಿಸಿವೆ, ಅದರಲ್ಲಿ ತಪ್ಪೇನಿಲ್ಲ. ಕೇರಳದ ಪ್ರವಾಸಿ ಜಾಹೀರಾತುಗಳ ‘ಬ್ಯಾಕ್‌ವಾಟರ್’ ಅನ್ನು ಪದಕ್ಕೆ ಪದವಿಟ್ಟು ತಂದದ್ದೇ ಈಗಿನ ಗೊಂದಲದ ಮೂಲವೆಂದು ತೋರುತ್ತದೆ. ಮಲಯಾಳಿಗಳೇನೋ ತಮ್ಮ ನೀರನ್ನು ಇಂದಿಗೂ ಕಾಯಲ್ ಎಂದೇ ಕರೆಯುತ್ತಾರೆ.

ಶರಾವತಿಗೆ ಈ ಎರಡೂ ಇವೆ: ಘಟ್ಟದ ಮೇಲೆ ಲಿಂಗನಮಕ್ಕಿಯ ಹಿನ್ನೀರು, ಕೆಳಗೆ ಹೊನ್ನಾವರದ ಅಳಿವೆ. ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ವನದಲ್ಲಿ ದೋಣಿ ವಿಹಾರ ಮಾಡಿದವರು ‘ಶರಾವತಿ ಹಿನ್ನೀರಿಗೆ ಹೋಗಿದ್ದೆವು’ ಎಂದಾಗ ಕೆಡುವುದು ಭೂಗೋಳವೊಂದೇ ಅಲ್ಲ. ಮೇಲಿನ ನೀರು ವಿದ್ಯುದಾಗಾರಗಳನ್ನು ದಾಟಿ ಬೇಸಿಗೆಯಲ್ಲೂ ಕೆಳಗಿಳಿಯುತ್ತಿರುವುದರಿಂದ ಅಳಿವೆಯ ಉಪ್ಪು ಕುಗ್ಗಿ, ಅಲ್ಲಿಯ ಬಳಚು ಎಂಬ ಚಿಪ್ಪುಮೀನು ಕ್ಷೀಣಿಸಿತು. ದೊಡ್ಡ ಅಣೆಕಟ್ಟಿಲ್ಲದ ನೆರೆಯ ಅಘನಾಶಿನಿಯಲ್ಲಿ ಅದನ್ನು ಹೆಕ್ಕಿ ಬದುಕುವ ಕುಟುಂಬಗಳು ಇಂದಿಗೂ ಅನೇಕ. ಹಿನ್ನೀರು, ಅಳಿವೆ ಎರಡಕ್ಕೂ ಒಂದೇ ಹೆಸರಿಟ್ಟರೆ ಕಾರಣ ಯಾವುದು, ಪೆಟ್ಟು ತಿಂದದ್ದು ಯಾವುದು ಎಂಬುದೇ ಮರೆಯಾಗುತ್ತದೆ.

ಚಿಪ್ಪುಮೀನು ಕೃಷಿಯ ಲೆಕ್ಕವೂ ಉಪ್ಪಿನದೇ. ಬಂಡೆಗಳಿಂದ ಕಿತ್ತ ಪಚ್ಚಿಲೆಯ (ಹಸಿರು ಚಿಪ್ಪಿನ ಮೀನಿನ) ಮರಿಗಳನ್ನು ಹಗ್ಗದ ಸುತ್ತ ತೆಳುವಾದ ಹತ್ತಿಬಟ್ಟೆಯಲ್ಲಿ ಸುತ್ತಿ, ಮಳೆಗಾಲ ಮುಗಿದು ಉಪ್ಪು ಮರಳಿದ ಮೇಲೆ ಚಪ್ಪರದಿಂದ ನೀರಿಗೆ ಇಳಿಬಿಡುತ್ತಾರೆ. ಬಟ್ಟೆ ಕೊಳೆಯುವ ಹೊತ್ತಿಗೆ ಮರಿಗಳು ಹಗ್ಗಕ್ಕೆ ಕಚ್ಚಿಕೊಂಡಿರುತ್ತವೆ. ಮುಂಗಾರಿನ ಸಿಹಿನೀರು ನುಗ್ಗುವ ಮೊದಲೇ ಕೊಯ್ಲು ಮುಗಿಯಬೇಕು. ಸಿಗಡಿ ಕೆರೆಗೆ ಸುರಿಯುವಂತೆ ಇಲ್ಲಿ ಆಹಾರ ಸುರಿಯುವುದಿಲ್ಲ, ಅಳಿವೆಯ ನೀರನ್ನು ಸೋಸಿ ಸಿಕ್ಕಿದ್ದನ್ನೇ ಪಚ್ಚಿಲೆ ತಿನ್ನುತ್ತದೆ. ಹಾಗಾಗಿ ಊರಿನ ಚರಂಡಿಯನ್ನು ಅಳಿವೆಗೆ ತಿರುಗಿಸಿದರೆ ಚರಂಡಿಯ ರೋಗಾಣುಗಳೂ ಪಚ್ಚಿಲೆಯ ಮಾಂಸವನ್ನು ಸೇರುತ್ತವೆ.

2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದೂ ಅಘನಾಶಿನಿಯ ಅಳಿವೆಯೇ. ಆ ಸುದ್ದಿಯನ್ನು ಬರೆಯುವಾಗಲಾದರೂ ‘ಅಘನಾಶಿನಿ ಹಿನ್ನೀರು’ ಎನ್ನಬಾರದು, ಏಕೆಂದರೆ ನೀರು ಹಿಂದೆ ಸರಿದು ನಿಲ್ಲುವಂಥ ದೊಡ್ಡ ಕಟ್ಟೆಯೇ ಆ ಹೊಳೆಗಿಲ್ಲ.