ಒಂದೇ ದ್ರಾವಣದಲ್ಲಿ ಒಮ್ಮೆ ಕಡ್ಡಿ, ಒಮ್ಮೆ ಹೂವು: ಜಿಂಕ್ ಆಕ್ಸೈಡ್ ಹರಳಿನ ಆಕಾರ ಯಾರ ಕೈಯಲ್ಲಿದೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಹೈಡ್ರೋಥರ್ಮಲ್ ವಿಧಾನದಲ್ಲಿ, ಅಂದರೆ ಮುಚ್ಚಿದ ಪಾತ್ರೆಯ ಬಿಸಿ ದ್ರಾವಣದಲ್ಲಿ, ಜಿಂಕ್ ಆಕ್ಸೈಡ್ ಬೆಳೆಸುತ್ತಿದ್ದೇವೆ. ಅದೇ ಜಿಂಕ್ ನೈಟ್ರೇಟ್, ಅದೇ ಹೆಕ್ಸಮೀನ್, ಅದೇ 90 ಡಿಗ್ರಿ. ಆದರೂ ಒಂದು ಸಲ ಕಡ್ಡಿ, ಇನ್ನೊಂದು ಸಲ ಹೂವು. ಚಪ್ಪಟೆ ಬಿಲ್ಲೆ ಬೇಕೆಂದರೆ ಏನು ಮಾಡಬೇಕು ಸರ್?

ಉತ್ತರ: ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಹರಳಿನ ಯಾವ ಮುಖ ಬೇಗ ಬೆಳೆಯುತ್ತದೋ ಅದೇ ಮುಖ ಕೊನೆಗೆ ಚಿಕ್ಕದಾಗುತ್ತದೆ. ನಿಧಾನವಾಗಿ ಬೆಳೆದ ಮುಖಗಳೇ ದೊಡ್ಡದಾಗಿ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಆಕಾರ ಬದಲಿಸುವುದು ಎಂದರೆ ಬೇಕಾದ ಮುಖವನ್ನು ತಡೆಯುವುದು.

ಜಿಂಕ್ ಆಕ್ಸೈಡ್ ಹರಳು ಕೆತ್ತದ ಪೆನ್ಸಿಲ್ ಇದ್ದ ಹಾಗೆ, ಆರು ಮೂಲೆಯದು. ಮೇಲಿನ ತುದಿಯಲ್ಲಿ ಸತುವಿನ (ಜಿಂಕ್) ಪದರ ಇರುತ್ತದೆ, ಅದು ಪ್ಲಸ್. ಕೆಳಗಿನ ತುದಿಯಲ್ಲಿ ಆಮ್ಲಜನಕದ ಪದರ, ಅದು ಮೈನಸ್. ಪಕ್ಕದ ಆರು ಮುಖಗಳಲ್ಲಿ ಎರಡೂ ಸಮ ಇರುವುದರಿಂದ ಅವು ಶಾಂತ. ಸತುವಿನ ತುದಿಗೆ ಶಕ್ತಿ ಜಾಸ್ತಿ, ಹೊಸ ಅಯಾನುಗಳು ಅಲ್ಲೇ ಬೇಗ ಕೂರುತ್ತವೆ. ಸುಮ್ನೆ ಬಿಟ್ಟರೆ ಹರಳು ಉದ್ದಕ್ಕೆ ಓಡಿ ಕಡ್ಡಿಯಾಗುವುದು ಇದಕ್ಕೇ.

ಹಾಗಾದರೆ ಹೂವು ಎಲ್ಲಿಂದ ಬಂತು? ಹೂವಿನ ಒಂದೊಂದು ಎಸಳೂ ಕಡ್ಡಿಯೇ. ಶುರುವಿನಲ್ಲೇ ದ್ರಾವಣದಲ್ಲಿ ಅಯಾನುಗಳು ಮಿತಿಮೀರಿದರೆ ಸಣ್ಣ ಬೀಜಗಳು ಒಮ್ಮೆಲೇ ಹುಟ್ಟಿ ಒಂದಕ್ಕೊಂದು ಅಂಟುತ್ತವೆ. ಆ ಮುದ್ದೆಯಿಂದ ಎಲ್ಲ ದಿಕ್ಕಿಗೂ ಕಡ್ಡಿಗಳು ಹೊರಡುತ್ತವೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ ಏರಿಸಿದಾಗ ಹೂವು ಜಾಸ್ತಿ ಸಿಗುವುದು ಇದೇ ಕಾರಣಕ್ಕೆ.

ಹೆಕ್ಸಮೀನ್ ಮೇಲೆ ನನಗೆ ವಿಶೇಷ ಪ್ರೀತಿ. 2003ರಲ್ಲಿ ಲಿಯೊನೆಲ್ ವೇಸಿಯರ್ ಎಂಬ ಸಂಶೋಧಕ ಪ್ರಕಟಿಸಿದ ಕೆಲಸದ ನಂತರ ಎಲ್ಲ ಕಡೆ ಹಬ್ಬಿದ ವಿಧಾನ ಇದು. ಬಿಸಿ ನೀರಿನಲ್ಲಿ ಹೆಕ್ಸಮೀನ್ ಮೆಲ್ಲಗೆ ಒಡೆದು ಅಮೋನಿಯಾ ಮತ್ತು ಫಾರ್ಮಾಲ್ಡಿಹೈಡ್ ಬಿಡುತ್ತದೆ. ಅಮೋನಿಯಾದಿಂದ ಹೈಡ್ರಾಕ್ಸೈಡ್ ಬೇಕಾದಷ್ಟೇ ಸಿಗುತ್ತಾ ಹೋಗುತ್ತದೆ, ಒಮ್ಮೆಲೇ ಸುರಿಯುವುದಿಲ್ಲ. 100 ಮಿ.ಲೀ. ನೀರಿಗೆ ಎರಡೂ 25 ಮಿಲಿಮೋಲಾರ್ ಬೇಕೆಂದರೆ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 0.74 ಗ್ರಾಂ, ಹೆಕ್ಸಮೀನ್ 0.35 ಗ್ರಾಂ. 90 ಡಿಗ್ರಿಗೆ ಆಟೋಕ್ಲೇವ್ (ಒತ್ತಡ ತಡೆಯುವ ಲೋಹದ ಪಾತ್ರೆ) ಕೂಡ ಬೇಡ, ಬಿಗಿಯಾದ ಮುಚ್ಚಳವಿರುವ ಗಾಜಿನ ಬಾಟಲಿ ಸಾಕು. ಬಾಟಲಿ ತಣ್ಣಗಾದ ಮೇಲೆ ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲೇ ತೆರೆಯಿರಿ, ಫಾರ್ಮಾಲ್ಡಿಹೈಡ್ ಉಸಿರಿಗೆ ಒಳ್ಳೆಯದಲ್ಲ.

ಗಾಜಿನ ತುಂಡಿನ ಮೇಲೆ ಕಡ್ಡಿಗಳು ನೆಟ್ಟಗೆ ನಿಲ್ಲಬೇಕಾದರೆ ಮೊದಲು ಜಿಂಕ್ ಅಸಿಟೇಟ್ ಲೇಪಿಸಿ, ಕಾಯಿಸಿ, ಕಡ್ಡಿಗಳು ಮೊಳೆಯಲು ಸಣ್ಣ ಬೀಜಗಳ ಸೀಡ್ ಪದರ ಮಾಡಿ. ಲೇಪಿಸಿದ ಮುಖ ಕೆಳಗೆ ಬರುವಂತೆ ದ್ರಾವಣದಲ್ಲಿ ಇಳಿಬಿಡಿ. ಇಲ್ಲದಿದ್ದರೆ ದ್ರಾವಣದಲ್ಲಿ ಹುಟ್ಟಿದ ಹೂವುಗಳೆಲ್ಲ ಅದರ ಮೇಲೆ ಬಂದು ಕೂರುತ್ತವೆ.

ಇನ್ನು ಬಿಲ್ಲೆ. ಇದಕ್ಕೆ ಟ್ರೈಸೋಡಿಯಂ ಸಿಟ್ರೇಟ್ ಸ್ವಲ್ಪ ಹಾಕಿ. ಸಿಟ್ರೇಟ್ ಮೈನಸ್ ಅಯಾನು, ಹೋಗಿ ಸತುವಿನ ತುದಿಗೆ ಅಂಟಿಕೊಳ್ಳುತ್ತದೆ. ಉದ್ದಕ್ಕೆ ಬೆಳೆಯುವ ದಾರಿ ಮುಚ್ಚಿ ಹರಳು ಅಗಲಕ್ಕೆ ಹೋಗುತ್ತದೆ. ಪ್ರಮಾಣ ಸ್ವಲ್ಪ ಸ್ವಲ್ಪವೇ ಏರಿಸಿ ನೋಡಿ, ಕಡ್ಡಿ ಮೊಂಡಾಗಿ, ಆಮೇಲೆ ತಟ್ಟೆಯಾಗುವುದು ಸಾಲಾಗಿ ಕಾಣುತ್ತದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ಮರೆಯುವುದಿಲ್ಲ. ಉಲ್ಟಾ, ತೆಳ್ಳಗಿನ ಉದ್ದ ತಂತಿ ಬೇಕಾದರೆ ಪಾಲಿಎಥಿಲೀನ್‌ಇಮೀನ್ ಎಂಬ ಪಾಲಿಮರ್ ಇದೆ. ಅದು ಪಕ್ಕದ ಮುಖಗಳನ್ನು ತಡೆಯುತ್ತದೆ.

ಎಲ್ಲವನ್ನೂ ಒಂದೇ ಥರ ಮಾಡಿಯೂ ಫಲಿತಾಂಶ ಬೇರೆ ಬಂದರೆ ನಾನು ಮೊದಲು ಅನುಮಾನಿಸುವುದು ನೀರನ್ನು. ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆಯ ಬೋರ್‌ವೆಲ್ ನೀರು ಗಡಸು, ಅಲ್ವಾ? ಕ್ಯಾಲ್ಸಿಯಂ, ಮೆಗ್ನೀಷಿಯಂ, ಕ್ಲೋರೈಡ್, ಬೈಕಾರ್ಬೊನೇಟ್ ಎಲ್ಲ ಅದರಲ್ಲಿರುತ್ತವೆ. ಇವೂ ಹರಳಿನ ಮುಖಗಳಿಗೆ ಅಂಟಬಲ್ಲವು. ದ್ರಾವಣಕ್ಕಂತೂ ಡಿಸ್ಟಿಲ್ಡ್ ವಾಟರ್ ಬಳಸುತ್ತೀರಿ, ಆದರೆ ಬೀಕರ್ ತೊಳೆದ ಕೊನೆಯ ನೀರು ಯಾವುದು? ಅದೂ ಡಿಸ್ಟಿಲ್ಡ್ ಆಗಿರಲಿ. ಎರಡನೆಯ ಅನುಮಾನ ಜಿಂಕ್ ನೈಟ್ರೇಟ್ ಡಬ್ಬಿಯ ಮೇಲೆ. ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ಒದ್ದೆಯಾದದ್ದನ್ನು ತೂಗಿದರೆ ಸತುವಿನ ಬದಲು ನೀರನ್ನು ತೂಗಿದಂತೆ. ತೇವ ತಾಗದಂತೆ ಡೆಸಿಕೇಟರ್‌ನಲ್ಲಿ ಇಡಿ.

ಆಕಾರವನ್ನೇ ತೋರಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಅಂದರೆ ಎಸ್‌ಇಎಂ, ಸರದಿಗೆ ಕಾಯುವಾಗ ಹರಳಿನ ಮೇಲೆ ಎಕ್ಸ್-ರೇ ಹಾಯಿಸುವ ಎಕ್ಸ್‌ಆರ್‌ಡಿ ಒಮ್ಮೆ ನೋಡಿ. ಗಾಜಿನ ಮೇಲೆ ಬೆಳೆಸಿದ್ದರಲ್ಲಿ 34.4 ಡಿಗ್ರಿ ಕೋನದ ಹತ್ತಿರದ 002 ಶಿಖರ (ತುದಿಯ ಮುಖದ ಗುರುತು) ಉಳಿದವನ್ನೆಲ್ಲ ಮೀರಿ ಎದ್ದಿದ್ದರೆ ಕಡ್ಡಿಗಳು ನೆಟ್ಟಗೆ ನಿಂತಿರುವ ಸಾಧ್ಯತೆ ಹೆಚ್ಚು. ಪುಡಿಯಾದರೆ ಲೆಕ್ಕ ಬೇರೆ. ಕಡ್ಡಿಗಳು ಮಲಗುತ್ತವೆ, ಆಗ 31.8ರ 100 ಶಿಖರ (ಪಕ್ಕದ ಮುಖದ ಗುರುತು) ಬಲವಾಗುತ್ತದೆ. ಬಿಲ್ಲೆಗಳು ಚಪ್ಪಟೆಯಾಗಿ ಬೀಳುವುದರಿಂದ ಪುಡಿಯಲ್ಲೂ 002 ಏರಿರುತ್ತದೆ. ಸಿಟ್ರೇಟ್ ಹಾಕಿದ ಪುಡಿಯನ್ನೂ ಹಾಕದ ಪುಡಿಯನ್ನೂ ಒಂದೇ ರೀತಿ ಹೋಲ್ಡರ್‌ಗೆ ತುಂಬಿ, ಈ ಎರಡು ಶಿಖರಗಳ ಅನುಪಾತ ತೆಗೆದು ನೋಡಿ. ಯಾವ ಸ್ಯಾಂಪಲ್ ಅನ್ನು ಎಸ್‌ಇಎಂಗೆ ಮೊದಲು ಕಳಿಸಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.