ಕಂಟ್ರೋಲ್: ಏನೂ ಹೊಡೆಯದೆ ಬಿಟ್ಟ ಸಾಲಿನ ಲೆಕ್ಕ

ಕಾಫಿ ಹೂ ಅರಳಿಸುವ ಹೂ ಮಳೆ ಆಯ್ತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಯೂ ಬಿತ್ತು ಅಂದರೆ ಕೊಡಗಿನ ಗೊಬ್ಬರದ ಅಂಗಡಿಗಳ ಮುಂದೆ ಮಾತು ಶುರುವಾಗುತ್ತದೆ. ಹೋದ ವರ್ಷ ಎಲೆಗೆ ಹೊಡೆಯುವ ಆ ಹೊಸ ಟಾನಿಕ್ ಹೊಡೆಸಿದೆ, ಏಕರೆಗೆ ನಾಲ್ಕು ಚೀಲ ಜಾಸ್ತಿ ಬಂತು ಅಂತ ಒಬ್ಬರು ಹೇಳುತ್ತಾರೆ. ನಾನು ಏನೂ ಹೊಡೆಸಲಿಲ್ಲ, ನನಗೂ ಜಾಸ್ತಿನೇ ಬಂತು ಅಂತ ಪಕ್ಕದಲ್ಲಿ ನಿಂತವರು ಹೇಳುತ್ತಾರೆ. ಮೊದಲನೆಯವರ ಮಾತಿಗೆ ಎಲ್ಲರೂ ಕಿವಿ ಕೊಡುತ್ತಾರೆ. ಎರಡನೆಯವರ ಮಾತು ಯಾರಿಗೂ ಬೇಡ. ವಿಜ್ಞಾನಿ ಅಲ್ಲಿದ್ದರೆ ಎರಡನೆಯವರನ್ನೇ ಹಿಡಿದು ಕೂರಿಸಿಕೊಳ್ಳುತ್ತಿದ್ದರು. ಏನೂ ಹೊಡೆಸದ ಆ ತೋಟಕ್ಕೆ ಸಂಶೋಧನೆಯಲ್ಲಿ ಕಂಟ್ರೋಲ್ ಅನ್ನುತ್ತಾರೆ.

ಪರೀಕ್ಷೆ ಮಾಡಬೇಕಾದ ಹೊಸ ವಸ್ತು ಒಂದನ್ನು ಬಿಟ್ಟು, ಉಳಿದದ್ದೆಲ್ಲ ಒಂದೇ ಥರ ನಡೆದ ಗುಂಪೇ ಕಂಟ್ರೋಲ್. ಗುಂಪು ಅಂದರೆ ಗಿಡಗಳಿರಬಹುದು, ರೋಗಿಗಳಿರಬಹುದು, ಒಂದು ಗುಡ್ಡದ ಇಳಿಜಾರಿರಬಹುದು, ರಸ್ತೆಯ ಅರ್ಧ ಕಿಲೋಮೀಟರ್ ಇರಬಹುದು. ಕೃಷಿ ಪುಸ್ತಕಗಳಲ್ಲಿ ಹೋಲಿಕೆ ತಾಕು ಅಂತಲೂ ಬರೆಯುತ್ತಾರೆ. ಹೊಸದನ್ನು ಹಾಕಿದ ಕಡೆ ಏನಾಯಿತು ಅನ್ನುವುದು ಅರ್ಧ ಉತ್ತರ. ಹಾಕದಿದ್ದರೆ ಏನಾಗುತ್ತಿತ್ತು ಅನ್ನುವುದು ಇನ್ನರ್ಧ. ಕಂಟ್ರೋಲ್ ಇಲ್ಲದೆ ಆ ಇನ್ನರ್ಧ ಸಿಗುವುದಿಲ್ಲ.

ಕಾಫಿ ತೋಟದಲ್ಲಿ ಇದು ಯಾಕೆ ಇಷ್ಟು ಮುಖ್ಯ ಅಂತ ನೋಡೋಣ. ಅರೇಬಿಕಾ ಕಾಫಿ ಬೆಳೆದವರಿಗೆಲ್ಲ ಗೊತ್ತು, ಒಂದು ವರ್ಷ ಗಿಡ ಬಾಗುವಷ್ಟು ಫಸಲು, ಮರುವರ್ಷ ಕಡಿಮೆ. ಕಾಯಿ ಕಟ್ಟುವುದು ಹಿಂದಿನ ವರ್ಷ ಬೆಳೆದ ರೆಕ್ಕೆಯ, ಅಂದರೆ ಅಡ್ಡ ಕೊಂಬೆಯ ಮೇಲೆ. ಫಸಲು ಜೋರಾಗಿದ್ದ ವರ್ಷ ಗಿಡದ ಶಕ್ತಿಯೆಲ್ಲ ಕಾಯಿಗೆ ಹೋಗಿ, ಹೊಸ ರೆಕ್ಕೆ ಬೆಳೆಯುವುದು ಕಡಿಮೆಯಾಗುತ್ತದೆ. ಹಾಗಾಗಿ ಮುಂದಿನ ವರ್ಷ ಕಾಯಿಗೆ ಜಾಗವೇ ಇರುವುದಿಲ್ಲ. ಈಗ ಯೋಚಿಸಿ, ಬೆಳೆಗಾರ ಹೊಸ ಟಾನಿಕ್ ಕೊಳ್ಳುವುದು ಯಾವಾಗ? ಫಸಲು ಕೈಕೊಟ್ಟ ವರ್ಷದ ಮರುವರ್ಷ. ಆ ವರ್ಷ ಗಿಡ ಸುಮ್ನೆ ಬಿಟ್ಟಿದ್ದರೂ ಹೆಚ್ಚು ಕಾಯಿ ಕೊಡುತ್ತಿತ್ತು, ಅಲ್ವಾ? ಹಾಗಾಗಿ ಕೆಟ್ಟ ವರ್ಷದ ನಂತರ ಏನು ಹೊಡೆಸಿದರೂ ಅದು ಕೆಲಸ ಮಾಡಿದ ಹಾಗೆಯೇ ಕಾಣುತ್ತದೆ. ಹಿಂದಿನ ವರ್ಷದ ಫೋಟೋ, ಈ ವರ್ಷದ ಫೋಟೋ ಅಕ್ಕಪಕ್ಕ ಇಟ್ಟು ಮಾರುವವರಿಗೆ ಅರೇಬಿಕಾದಷ್ಟು ಅನುಕೂಲದ ಗಿಡ ಇನ್ನೊಂದಿಲ್ಲ.

ಗಿಡದ ಸ್ವಭಾವ ಹೀಗಾದರೆ ಮಳೆಯದ್ದು ಇನ್ನೊಂದು ಆಟ. ಕೊಡಗಿನಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಅಳೆದು ಡೈರಿಯಲ್ಲಿ ಬರೆದಿಡುವ ಮನೆಗಳು ಬೇಕಾದಷ್ಟಿವೆ. ಅವರನ್ನು ಕೇಳಿದರೆ ಗೊತ್ತಾಗುತ್ತದೆ, ಹೂ ಮಳೆ ಒಂದು ತೋಟಕ್ಕೆ ಇಂಚು ಬಿದ್ದು ತೋಡಿನ ಆಚೆಯ ತೋಟಕ್ಕೆ ಬರೀ ಹನಿಸಿ ಹೋಗುವುದು ಅಪರೂಪವೇನಲ್ಲ. ರೋಬಸ್ಟಾ ಕಾಫಿಗಂತೂ ಆ ಹೊತ್ತಿಗೆ ಸರಿಯಾದ ಮಳೆ ಅಥವಾ ಸ್ಪ್ರಿಂಕ್ಲರ್ ನೀರು ಸಿಗಲೇಬೇಕು, ಇಲ್ಲದಿದ್ದರೆ ಮೊಗ್ಗು ಅರಳದೆ ಹಾಳಾಗುತ್ತದೆ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಎಷ್ಟು ವ್ಯತ್ಯಾಸ ಅಂತ ಹೇಳಬೇಕಾಗಿಲ್ಲ. ಹಾಗಿರುವಾಗ ಆ ಊರಿನ ತೋಟಕ್ಕೆ ಔಷಧ ಕೊಟ್ಟು ಈ ಊರಿನ ತೋಟದ ಜತೆ ಹೋಲಿಸಿದರೆ, ಔಷಧದ ಲೆಕ್ಕದೊಳಗೆ ಮಳೆಯ ಲೆಕ್ಕವೂ ಸೇರಿಕೊಳ್ಳುತ್ತದೆ.

ಬಿಳಿ ಕಾಂಡಕೊರಕದ ವಿಷಯದಲ್ಲೂ ಹೀಗೇ. ಈ ದುಂಬಿಗೆ ಬಿಸಿಲು ಬೀಳುವ ಕಾಂಡ ಇಷ್ಟ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮರಕಪಾತು, ಅಂದರೆ ನೆರಳು ಮರಗಳ ಕೊಂಬೆ ಕಡಿಯುವುದು, ಜಾಸ್ತಿಯಾಗಿ ನೆರಳು ಕಡಿಮೆಯಾದ ಬ್ಲಾಕಿನಲ್ಲಿ ಕಾಟ ಹೆಚ್ಚು. ನೆರಳು ಚೆನ್ನಾಗಿರುವ ಬ್ಲಾಕಿಗೆ ಔಷಧ ಹೊಡೆದು, ಬಿಸಿಲು ಬ್ಲಾಕನ್ನು ಹಾಗೇ ಬಿಟ್ಟು ಹೋಲಿಸಿದರೆ, ಗೆದ್ದದ್ದು ಔಷಧವೋ ಮರದ ನೆರಳೋ ಹೇಳಲು ಆಗುವುದಿಲ್ಲ. ದುಂಬಿಯನ್ನು ಸೆಳೆಯುವ ಮೋಹಕ ಬಲೆ ಕಟ್ಟಿದಾಗ ಇನ್ನೊಂದು ತಾಪತ್ರಯ ಇದೆ. ಬಲೆಗೆ ಎಷ್ಟು ದುಂಬಿ ಬಿತ್ತು ಅಂತ ಎಣಿಸುವುದು ಸುಲಭ, ಖುಷಿಯೂ ಆಗುತ್ತದೆ. ಆದರೆ ಬೆಳೆಗಾರನಿಗೆ ಬೇಕಾದ ಲೆಕ್ಕ ಬೇರೆ. ಬಲೆ ಕಟ್ಟಿದ ಬ್ಲಾಕಿನಲ್ಲಿ ಎಷ್ಟು ಗಿಡ ಕಿತ್ತು ಸುಟ್ಟಿರಿ, ಬಲೆ ಇಲ್ಲದ ಬ್ಲಾಕಿನಲ್ಲಿ ಎಷ್ಟು?

ಕಂಟ್ರೋಲ್ ಕೆಲವೊಮ್ಮೆ ತಾನಾಗಿಯೇ ಸಿಗುವುದುಂಟು. ನಮ್ಮ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಹೊಡೆಯುವ ಬೋರ್ಡೋ ದ್ರಾವಣದ ಕಥೆಯೇ ಅದು. 1882ರಲ್ಲಿ ಫ್ರಾನ್ಸಿನ ಬೋರ್ಡೋ ಕಡೆಯ ದ್ರಾಕ್ಷಿ ತೋಟಗಳಿಗೆ ಬೂಜು ರೋಗ ಬಂದು ಎಲೆ ಉದುರುತ್ತಿತ್ತು. ಮಿಲಾರ್ಡೆ ಅನ್ನುವ ಸಸ್ಯವಿಜ್ಞಾನಿ ಅಲ್ಲಿ ಓಡಾಡುವಾಗ ಒಂದು ವಿಚಿತ್ರ ಕಂಡರು. ರಸ್ತೆ ಪಕ್ಕದ ಸಾಲುಗಳಲ್ಲಿ ಮಾತ್ರ ಎಲೆ ಉಳಿದಿತ್ತು, ಒಳಗಿನ ಸಾಲುಗಳೆಲ್ಲ ಬೋಳು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಚಿಮುಕಿಸಿದ್ದರಂತೆ. ನೀಲಿ ಬಣ್ಣ ನೋಡಿ ಕಳ್ಳರು ಹೆದರಲಿ ಅಂತ! ಒಳಗಿನ ಸಾಲುಗಳು ಯಾರೂ ಯೋಜನೆ ಹಾಕದೆ ಸಿಕ್ಕಿದ ಕಂಟ್ರೋಲ್. ಆದರೂ ಮಿಲಾರ್ಡೆ ಅಷ್ಟಕ್ಕೇ ತೀರ್ಮಾನ ಬರೆಯಲಿಲ್ಲ. ರಸ್ತೆ ಬದಿಗೆ ಗಾಳಿ ಬೆಳಕು ಜಾಸ್ತಿ, ಎಲೆ ಬೇಗ ಒಣಗುತ್ತದೆ, ಅದರಿಂದಲೂ ರೋಗ ಕಡಿಮೆ ಆಗಿರಬಹುದಿತ್ತು. ಪ್ರಯೋಗ ಮಾಡಿ ನೋಡಿ, 1885ರಲ್ಲಿ ಪ್ರಕಟಿಸಿದರು. ಈಗ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕುವ ನಮ್ಮ ಶೇ. 1ರ ಬೋರ್ಡೋ ಅಲ್ಲಿಂದ ಬಂದದ್ದು.

ಕಂಟ್ರೋಲ್ ಅಂದರೆ ಯಾವಾಗಲೂ ಏನೂ ಕೊಡದೆ ಬಿಡುವುದು ಅಂತಲ್ಲ. ಹೊಸ ಕಾಫಿ ತಳಿ ಪರೀಕ್ಷಿಸುವಾಗ ಅದರ ಪಕ್ಕ ಖಾಲಿ ಜಾಗ ಬಿಟ್ಟು ಏನು ಮಾಡುವುದು? ಈಗಾಗಲೇ ಎಲ್ಲರೂ ಬೆಳೆಯುತ್ತಿರುವ ಹಳೆ ತಳಿಯನ್ನೇ ಪಕ್ಕದಲ್ಲಿ ನೆಡುತ್ತಾರೆ. ಅದಕ್ಕೆ ಚೆಕ್ ಅನ್ನುವ ಹೆಸರು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದ ಇರುವ ಕಾಫಿ ಸಂಶೋಧನಾ ಕೇಂದ್ರಕ್ಕೆ ಕೊಡಗಿನ ಚೆಟ್ಟಳ್ಳಿಯಲ್ಲಿ ಉಪಕೇಂದ್ರ ಬೇಕಾದದ್ದಕ್ಕೆ ಅರ್ಥವೂ ಇದೇ. ಚಿಕ್ಕಮಗಳೂರಿನ ಮಣ್ಣು ಮಳೆಯಲ್ಲಿ ಗೆದ್ದ ತಳಿ ಕೊಡಗಿನಲ್ಲಿ ಹಳೆ ತಳಿಗಿಂತ ಮೇಲೋ ಅಂತ ಇಲ್ಲೇ ನೆಟ್ಟು ನೋಡಬೇಕು. ಕಾಫಿ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಆಮೇಲೆ ಏರಿಳಿತದ ವರ್ಷಗಳನ್ನು ಜೋಡಿ ಜೋಡಿಯಾಗಿ ಸರಾಸರಿ ಮಾಡಬೇಕು. ಒಂದು ತಳಿ ಬಿಡುಗಡೆಯಾಗಲು ಅಷ್ಟು ವರ್ಷ ಹಿಡಿಯುತ್ತದೆ ಅಂತ ಬೈಯುವವರು ಈ ಲೆಕ್ಕ ಹಾಕುವುದಿಲ್ಲ.

ವೈದ್ಯಕೀಯದಲ್ಲಿ ಕಥೆ ಇನ್ನೂ ಹಳೆಯದು. 1747ರಲ್ಲಿ ಜೇಮ್ಸ್ ಲಿಂಡ್ ಅನ್ನುವ ಹಡಗಿನ ವೈದ್ಯ ಸ್ಕರ್ವಿ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದರು. ಮಲಗುವ ಜಾಗ ಒಂದೇ, ಊಟ ಒಂದೇ. ಮದ್ದು ಮಾತ್ರ ಬೇರೆ ಬೇರೆ. ಒಂದು ಜೋಡಿಗೆ ವಿನಿಗರ್, ಇನ್ನೊಂದಕ್ಕೆ ಸಮುದ್ರದ ನೀರು, ಮತ್ತೊಂದಕ್ಕೆ ಕಿತ್ತಳೆ ಮತ್ತು ನಿಂಬೆ, ಹೀಗೆ. ಕಿತ್ತಳೆ ನಿಂಬೆ ತಿಂದವರು ಎದ್ದು ಓಡಾಡಿದರು. ಬ್ರಿಟಿಷ್ ನೌಕಾಪಡೆ ಎಲ್ಲ ಹಡಗುಗಳಿಗೂ ನಿಂಬೆರಸ ಕೊಡಲು ತೀರ್ಮಾನಿಸಿದ್ದು 1795ರಲ್ಲಿ. ಉತ್ತರ ಸಿಕ್ಕಿ ಸುಮಾರು 50 ವರ್ಷ ಫೈಲಿನಲ್ಲಿ ಕೂತಿತ್ತು ಅಂದರೆ ನಮ್ಮ ಕಚೇರಿಗಳ ಮೇಲಿನ ಕೋಪ ಸ್ವಲ್ಪ ಕಡಿಮೆಯಾದೀತು.

ಲಿಂಡ್ ಬಿಟ್ಟುಹೋದ ಒಂದು ತೊಂದರೆಯನ್ನು ಮುಂದೆ ಗದ್ದೆಯವರೇ ಬಿಡಿಸಿದರು. ಯಾವ ತಾಕಿಗೆ ಗೊಬ್ಬರ, ಯಾವುದಕ್ಕೆ ಇಲ್ಲ ಅಂತ ಆರಿಸುವವರು ಯಾರು? ಮನುಷ್ಯನಿಗೆ ಆರಿಸಲು ಬಿಟ್ಟರೆ, ಗೊತ್ತಿಲ್ಲದೆಯೇ ಒಳ್ಳೆ ಮಣ್ಣಿನ ತಾಕಿಗೆ ಗೊಬ್ಬರ ಹಾಕುತ್ತಾನೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಪ್ರಯೋಗ ನಡೆಯುತ್ತಿದೆ, ಅದರಲ್ಲಿ ಒಂದು ಪಟ್ಟಿಗೆ ಇವತ್ತಿಗೂ ಗೊಬ್ಬರ ಹಾಕುವುದಿಲ್ಲ. ಅದೇ ಸಂಸ್ಥೆಗೆ 1919ರಲ್ಲಿ ಸೇರಿದ ಆರ್. ಎ. ಫಿಷರ್, ತಾಕುಗಳನ್ನು ಚೀಟಿ ಎತ್ತಿದ ಹಾಗೆ ಹಂಚಬೇಕು ಅಂತ ಹೇಳಿ, ಅದರ ಗಣಿತವನ್ನೂ ಕಟ್ಟಿಕೊಟ್ಟರು. ಆಮೇಲೆ ಆಸ್ಪತ್ರೆಗಳೂ ಅದನ್ನೇ ಹಿಡಿದವು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ ಕ್ಷಯ ರೋಗಿಗಳನ್ನು ಹೀಗೇ ಹಂಚಿದ್ದರು. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ 55 ಮಂದಿಯಲ್ಲಿ ಆರು ತಿಂಗಳಲ್ಲಿ ತೀರಿಕೊಂಡವರು 4. ಅಂದಿನ ರೂಢಿಯಂತೆ ಬರೀ ಹಾಸಿಗೆ ವಿಶ್ರಾಂತಿ ಸಿಕ್ಕಿದ 52 ಮಂದಿಯಲ್ಲಿ 14. ಆಗ ಔಷಧವೇ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಈಗ ಹಾಗೆ ಬಿಡುವಂತಿಲ್ಲ. ಗುಣ ಮಾಡುವ ಮದ್ದು ಒಂದಿದ್ದರೆ, ಕಂಟ್ರೋಲ್ ಗುಂಪಿನ ರೋಗಿಗೆ ಆ ಮದ್ದು ಕೊಡಬೇಕು ಅನ್ನುವುದು ಸಾಮಾನ್ಯ ನಿಯಮ. ಹೊಸದು ಅದಕ್ಕಿಂತ ಮೇಲೋ ಅನ್ನುವುದಷ್ಟೇ ಪ್ರಶ್ನೆ.

ಈಗ ನಮ್ಮ ಮದ್ದು ಸೊಪ್ಪಿಗೆ ಬರೋಣ, ಅಂದರೆ ಆಟಿ ಸೊಪ್ಪಿಗೆ. ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೇ ದಿನ, ಅಂದರೆ ಆಗಸ್ಟ್ ಮೊದಲ ವಾರ, ಕೊಡಗಿನ ಎಷ್ಟೋ ಮನೆಗಳಲ್ಲಿ ಸೊಪ್ಪು ಕುದಿಸಿ, ಆ ಕಡು ನೇರಳೆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಆ ದಿನ ಸೊಪ್ಪಿನಲ್ಲಿ 18 ಬಗೆಯ ಔಷಧ ಸೇರಿರುತ್ತದೆ ಅನ್ನುವುದು ನಂಬಿಕೆ. ಮರುದಿನ ಮೂತ್ರಕ್ಕೆ ಬಣ್ಣ ಬಂದರೆ ಮದ್ದು ಮೈಗೆ ಹಿಡಿಯಿತು ಅನ್ನುವವರೂ ಇದ್ದಾರೆ. ಬೀಟ್‌ರೂಟ್ ತಿಂದವರಲ್ಲೂ ಕೆಲವರಿಗೆ ಬಣ್ಣ ಬರುತ್ತದೆ, ಹಾಗಾಗಿ ಬಣ್ಣದಿಂದ ಏನೂ ಸಾಬೀತಾಗುವುದಿಲ್ಲ. ಇದನ್ನು ನಂಬಿಕೆಗೆ ಕಲ್ಲು ಹೊಡೆಯಲು ಹೇಳುತ್ತಿಲ್ಲ, ಪಾಯಸ ನನಗೂ ಇಷ್ಟ. ಕಂಟ್ರೋಲ್ ಆರಿಸುವುದು ಎಷ್ಟು ಸೂಕ್ಷ್ಮದ ಕೆಲಸ ಅಂತ ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ನಮ್ಮಲ್ಲಿಲ್ಲ.

ಪ್ರಶ್ನೆ ಬದಲಾದ ಹಾಗೆ ಕಂಟ್ರೋಲ್ ಬದಲಾಗುತ್ತದೆ. ಹದಿನೆಂಟನೇ ದಿನ ವಿಶೇಷವೋ ಅನ್ನುವುದು ಪ್ರಶ್ನೆಯಾದರೆ, ಅವೇ ಗಿಡಗಳ ಸೊಪ್ಪನ್ನು ಕಕ್ಕಡ 1, 8, 28ರಂದೂ, ಬೇಸಿಗೆಯಲ್ಲೂ ಕೀಳಬೇಕು. ಅದೇ ಹೊತ್ತಿಗೆ ಕಿತ್ತು, ಅದೇ ಥರ ಒಣಗಿಸಿ, ಲ್ಯಾಬಿನವರಿಗೆ ಯಾವ ಪೊಟ್ಟಣ ಯಾವ ದಿನದ್ದು ಅಂತ ಹೇಳದೆ ಕೊಡಬೇಕು. ಮೋಡ ಕವಿದ ದಿನಗಳಿಂದಲೇ ಸೊಪ್ಪಿನ ಗುಣ ಬದಲಾಗುತ್ತಿರಬಹುದಲ್ಲ, ಅದಕ್ಕೆ ಒಂದೇ ವರ್ಷ ಸಾಲದು. ಸೊಪ್ಪಿನಿಂದ ಮನುಷ್ಯನಿಗೆ ಉಪಕಾರ ಆಗುತ್ತದೋ ಅನ್ನುವುದು ಪ್ರಶ್ನೆಯಾದರೆ ಕೆಲಸ ಇನ್ನೂ ಕಷ್ಟ. ಅರ್ಧ ಜನಕ್ಕೆ ಸೊಪ್ಪಿಲ್ಲದ, ಬರೀ ನೇರಳೆ ಬಣ್ಣ ಹಾಕಿದ ಪಾಯಸ ಕೊಡಬೇಕು, ಯಾರಿಗೆ ಯಾವುದು ಅಂತ ತಿನ್ನುವವರಿಗೆ ಗೊತ್ತಾಗಬಾರದು. ಆದರೆ ಕೊಡಗಿನಲ್ಲಿ ಹುಟ್ಟಿದವರಿಗೆ ಆ ಸೊಪ್ಪಿನ ಪರಿಮಳ ಒಲೆಯ ಮೇಲಿರುವಾಗಲೇ ಗೊತ್ತಾಗುತ್ತದೆ! ಹಾಗಾದರೆ ಸಾರ ತೆಗೆದು ಕ್ಯಾಪ್ಸೂಲಿನಲ್ಲಿ ತುಂಬಬೇಕು. ತುಂಬಿದ ಕೂಡಲೇ ಪರೀಕ್ಷೆ ಪಾಯಸದ್ದಲ್ಲ, ಕ್ಯಾಪ್ಸೂಲಿನದ್ದು.

ಕಂಟ್ರೋಲ್ ಇಟ್ಟುಕೊಳ್ಳಲೇ ಕಷ್ಟವಾಗುವ ಕೆಲಸಗಳೂ ಇವೆ. 2017ರಲ್ಲಿ ಕರ್ನಾಟಕ ಸರ್ಕಾರ ವರ್ಷಧಾರಿ ಹೆಸರಿನಲ್ಲಿ ಮೋಡ ಬಿತ್ತನೆ ಮಾಡಿಸಿತು. ಬಿತ್ತಿದ ಮೇಲೆ ಮಳೆ ಬಂದರೆ ಅದು ಬಿತ್ತನೆಯದ್ದೋ, ಬರಬೇಕಾಗಿದ್ದ ಮಳೆಯೋ? ಗೊತ್ತಾಗಬೇಕಾದರೆ, ಬಿತ್ತಲು ಯೋಗ್ಯವಾದ ಮೋಡಗಳಲ್ಲಿ ಕೆಲವನ್ನು ಚೀಟಿ ಎತ್ತಿ ಹಾಗೇ ಬಿಡಬೇಕು. ಬರಗಾಲದಲ್ಲಿ ಯಾವ ಮಂತ್ರಿ ಅದಕ್ಕೆ ಒಪ್ಪುತ್ತಾರೆ?

ಆನೆಯ ವಿಷಯವಂತೂ ನಮ್ಮ ಹಿತ್ತಲಿನದ್ದು. 2021ರ ಮಾರ್ಚಿನಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ನಾಗರಹೊಳೆ ಅಂಚಿನ ಕೊಡಗಿನ ಹಳ್ಳಿಯಲ್ಲಿ ಜೇನುಪೆಟ್ಟಿಗೆಗಳ ಬೇಲಿ ಶುರು ಮಾಡಿತು. ಈ ಉಪಾಯವನ್ನು ಕೀನ್ಯಾದಲ್ಲಿ ಮೊದಲೇ ಪರೀಕ್ಷೆ ಮಾಡಿದ್ದರು. 17 ಹೊಲಗಳಿಗೆ ಜೇನು ಬೇಲಿ, ನೆರೆಯ 17 ಹೊಲಗಳಿಗೆ ಎಂದಿನ ಮುಳ್ಳುಬೇಲಿ. ಎರಡು ವರ್ಷದಲ್ಲಿ ಜೇನು ಬೇಲಿ ದಾಟಲು ಆನೆಗಳು 14 ಸಲ ನೋಡಿದವು, ದಾಟಿದ್ದು ಒಂದೇ ಸಲ. ಚೆನ್ನಾಗಿದೆ. ಆದರೆ ಅಲ್ಲೊಂದು ವಿಷಯ ಗಮನಿಸಬೇಕು. ಜೇನಿಗೆ ಹೆದರಿ ತಿರುಗಿದ ಕೆಲವು ಆನೆಗಳು ಬೇಲಿ ಉದ್ದಕ್ಕೂ ನಡೆದು ಪಕ್ಕದ ಮುಳ್ಳುಬೇಲಿ ಮುರಿದು ನುಗ್ಗಿದವು. ಅಂದರೆ ಪ್ರಯೋಗದಿಂದಾಗಿಯೇ ಕಂಟ್ರೋಲ್ ಹೊಲಕ್ಕೆ ನಷ್ಟ ಹೆಚ್ಚಾಗಿರಬಹುದು. ಹೋಲಿಕೆಯಲ್ಲಿ ಬೇಲಿಯ ಲಾಭ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿಮ್ಮ ತೋಟ ತಪ್ಪಿಸಿದ ಆನೆ ನೆರೆಯವರ ತೋಟಕ್ಕೆ ಹೋಗುತ್ತದೆ ಅನ್ನುವುದು ಸಿದ್ದಾಪುರ, ವಿರಾಜಪೇಟೆ ಕಡೆಯವರಿಗೆ ಯಾವ ಸಂಶೋಧನೆಯೂ ಹೇಳಿಕೊಡಬೇಕಾಗಿಲ್ಲ. ಇಂಥ ಕಡೆ ಎರಡು ತೋಟ ಹೋಲಿಸಿದರೆ ಸಾಲದು, ಒಂದಿಡೀ ಊರಿಗೆ ಬೇಲಿ ಹಾಕಿ, ದೂರದ ಇನ್ನೊಂದು ಊರಿನ ಜತೆ ಹೋಲಿಸಬೇಕು.

ನಿಮ್ಮದೇ ತೋಟದಲ್ಲಿ ಕಂಟ್ರೋಲ್ ಇಡಬೇಕೆಂದಿದ್ದರೆ ಲ್ಯಾಬ್ ಬೇಡ. ಒಂದೇ ಬ್ಲಾಕು, ಒಂದೇ ತಳಿ, ಒಂದೇ ವಯಸ್ಸಿನ ಗಿಡ ಆರಿಸಿ. ಇಳಿಜಾರಿನಲ್ಲಿ ಒಂದನ್ನು ಮೇಲೆ ಒಂದನ್ನು ಕೆಳಗೆ ಇಡಬೇಡಿ, ಮೇಲಿನ ಗೊಬ್ಬರ ಜೂನ್ ಮಳೆಗೆ ಕೆಳಗಿನ ಗಿಡಕ್ಕೆ ಇಳಿದುಬಿಡುತ್ತದೆ. ಅಕ್ಕಪಕ್ಕ ಇಡಿ. ಒಂದೇ ಜೋಡಿ ಸಾಲದು, ತೋಟದ ಬೇರೆ ಬೇರೆ ಕಡೆ ನಾಲ್ಕೈದು ಜೋಡಿ ಇರಲಿ. ಪ್ರತಿ ಜೋಡಿಯಲ್ಲಿ ಯಾವ ತುಂಡಿಗೆ ಔಷಧ ಅಂತ ನಾಣ್ಯ ಚಿಮ್ಮಿ ನಿರ್ಧರಿಸಿ. ಎರಡರ ನಡುವೆ ಎರಡು ಸಾಲು ಲೆಕ್ಕಕ್ಕಿಲ್ಲ ಅಂತ ಬಿಡಿ, ಸ್ಪ್ರೇ ಗಾಳಿಗೆ ಹಾರುತ್ತದೆ. ಔಷಧ ಹೊಡೆಯದ ತುಂಡಿಗೂ ಅದೇ ದಿನ, ಅಷ್ಟೇ ಬರೀ ನೀರು ಹೊಡೆಸಿ. ಕನಿಷ್ಠ ಎರಡು ಫಸಲು ನೋಡಿ, ಅರೇಬಿಕಾ ಆದರೆ ಇದು ಬೇಕೇ ಬೇಕು.

ಇಷ್ಟೆಲ್ಲ ಮಾಡಿ ಕೊನೆಗೆ ಕೆಡುವುದು ಕುಯ್ಲಿನ ದಿನ. ಸಂಜೆ ತೂಕಕ್ಕೆ ಎಲ್ಲರ ಚೀಲವೂ ಒಂದೇ ಕಡೆ ಬರುತ್ತದೆ, ಕೂಲಿ ಕಿಲೋ ಲೆಕ್ಕ, ಯಾವ ಹಣ್ಣು ಯಾವ ಸಾಲಿನದ್ದು ಅಂತ ಕುಯ್ಯುವವರು ಯಾಕೆ ತಲೆ ಕೆಡಿಸಿಕೊಳ್ಳಬೇಕು? ಎರಡು ಬಣ್ಣದ ಪ್ಲಾಸ್ಟಿಕ್ ದಾರ ತಂದು, ಔಷಧದ ತುಂಡಿನ ಚೀಲಕ್ಕೆ ಒಂದು, ಬಿಟ್ಟ ತುಂಡಿನ ಚೀಲಕ್ಕೆ ಇನ್ನೊಂದು ಕಟ್ಟಿಸಿ. ಹಸಿ ತೂಕದ ಜತೆ ಔಟ್‌ಟರ್ನ್ (ಹಣ್ಣಿನಿಂದ ಸಿಗುವ ಬೀಜದ ಪ್ರಮಾಣ) ಕೂಡ ಬೇರೆ ಬೇರೆ ತೆಗೆಸಿ, ಹಣ್ಣಿನ ತೂಕ ಜಾಸ್ತಿ ಬಂದು ಬೀಜದ ತೂಕ ಬಾರದಿರುವುದೂ ಉಂಟು. ಬಂದ ಲೆಕ್ಕವನ್ನು ಮಳೆಯ ಡೈರಿಯಲ್ಲೇ ಬರೆದಿಡಿ. ಮುಂದಿನ ವರ್ಷ ಅಂಗಡಿಯವರು ಬಿಲ್ ಹಾಕುವ ಮೊದಲು ಆ ಪುಟ ತೆರೆದು ನೋಡಿದರೆ ಆಯ್ತು.